ನಾಲ್ಕೂವರೆ ಇಂಚು

ಅಳತೆ ತೆಗೆಯುವಾಗ ಟೈಲರಮ್ಮ ಅಂಕಿಗಳನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಬೇರೆ ಅಂಗಡಿಗಳಲ್ಲಿ ಒಬ್ಬರು ಟೇಪು ಹಿಡಿದು ಕೂಗುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಬೆಂಚಿನ ಮೇಲೆ ಕಾಯುತ್ತ ಕೂತ ನಾಲ್ಕು ಜನಕ್ಕೆ ಒಬ್ಬಳ ಎದೆ, ಸೊಂಟ, ತೋಳು ಎಲ್ಲವೂ ಬಾಯಿಪಾಠವಾಗುತ್ತದೆ. ಟೈಲರಮ್ಮನದು ಹಾಗಲ್ಲ. ಬಂದವಳನ್ನು ಪರದೆಯ ಹಿಂದೆ ಕರೆದುಕೊಂಡು ಹೋಗಿ, ಮೂರು ಅಳತೆ ತೆಗೆದು, ಮೂರನ್ನೂ ಮನಸ್ಸಿನಲ್ಲಿಟ್ಟುಕೊಂಡು ಪುಸ್ತಕದಲ್ಲಿ ಬರೆದು, ಮತ್ತೆ ಮುಂದಿನ ಮೂರಕ್ಕೆ ಕೈಹಾಕುವಳು. ಕೆಲಸ ಕಲಿಸಿದ ಸೋದರತ್ತೆ ಹಾಕಿಕೊಟ್ಟ ಪಾಠ ಅದು. "ಅವಳ ಅಳತೆ ಅವಳದು ಕಣೇ. ನಮಗೆ ಕೊಟ್ಟಿರೋದು ಹೊಲಿಯೋದಕ್ಕೆ, ಹೇಳೋದಕ್ಕಲ್ಲ," ಎನ್ನುತ್ತಿದ್ದಳು ಆಕೆ.

ಹಾಗೆ ಮೂವತ್ತೊಂದು ವರ್ಷಗಳಲ್ಲಿ ಹನ್ನೊಂದು ಪುಸ್ತಕ ತುಂಬಿದ್ದವು. ಟೇಪಿಗೆ ತಿಳಿಯದ ಸಂಗತಿ ಯಾವುದು? ಗಂಡನಿಗೆ ಗೊತ್ತಾಗುವ ಮೊದಲೇ ಯಾರು ಬಸುರಿ ಎಂದು ಅದಕ್ಕೆ ಗೊತ್ತಾಗುತ್ತಿತ್ತು. ಯಾರು ಮನೆಯಲ್ಲಿ ಜಗಳವಾಡಿ ಊಟ ಬಿಟ್ಟಿದ್ದಾರೆ, ಯಾರ ಒಂದು ಭುಜ ಇನ್ನೊಂದಕ್ಕಿಂತ ಇಳಿದಿದೆ, ಯಾರು ಉಸಿರು ಬಿಗಿಹಿಡಿದು ನಿಂತು ಸುಳ್ಳು ಅಳತೆ ಕೊಡುತ್ತಿದ್ದಾರೆ, ಎಲ್ಲವೂ ಅವಳಿಗೆ ಗೊತ್ತು. ಗೊತ್ತಿದ್ದದ್ದನ್ನು ಬಟ್ಟೆಯೊಳಗೆ ಹೊಲಿದು ಕಳಿಸುವಳು. ಹೊರಗೆ ಒಂದು ಎಳೆಯೂ ಕಾಣುತ್ತಿರಲಿಲ್ಲ.

ಎರಡು ವರ್ಷದಿಂದ ಅವಳ ಕಣ್ಣು ಮಂಜಾಗಿತ್ತು. ತನ್ನದೇ ಪುಸ್ತಕದ ಏಳು ಒಂದರಂತೆ ಕಾಣುತ್ತಿತ್ತು. ಒಮ್ಮೆ ಒಬ್ಬರ ತೋಳನ್ನು ಆರು ಇಂಚು ಗಿಡ್ಡ ಕತ್ತರಿಸಿಟ್ಟಳು. ಬೈಸಿಕೊಂಡಳು, ಬಟ್ಟೆ ಬದಲಿಗೆ ಕೊಟ್ಟಳು, ಆ ದಿನ ಊಟ ಸೇರಲಿಲ್ಲ. ಅದನ್ನು ನೋಡಿದ ಸೊಸೆ ಮರುದಿನದಿಂದಲೇ ಒಂದು ಕೆಲಸ ಹಿಡಿದಳು. ಟೈಲರ್‌ಗಳಿಗೆಂದೇ ಮಾಡಿದ ಒಂದು ಆ್ಯಪ್ ಫೋನಿಗೆ ಹಾಕಿಕೊಂಡು, ಮಧ್ಯಾಹ್ನ ಅಂಗಡಿ ಬಿಡುವಾದಾಗಲೆಲ್ಲ ಹನ್ನೊಂದು ಪುಸ್ತಕಗಳನ್ನೂ ಒಂದೊಂದೇ ಪುಟವಾಗಿ ಅದರೊಳಗೆ ಇಳಿಸಿದಳು. ಎರಡೂವರೆ ತಿಂಗಳ ಕೆಲಸ. ಮುಗಿದ ದಿನ ಫೋನನ್ನು ಅತ್ತೆಯ ಕೈಗಿಟ್ಟು, "ಈಗ ಓದಿ ಅತ್ತೆ," ಎಂದಳು. ಅಂಕಿಗಳು ಬೆರಳಿನಷ್ಟು ದೊಡ್ಡದಾಗಿ ಎದ್ದು ನಿಂತಿದ್ದವು. ಹೊಗಳಲು ಬಾರದ ಹೆಂಗಸು ಟೈಲರಮ್ಮ. "ಬೆನ್ನು ನೋಯಲಿಲ್ವೇನೇ?" ಎಂದಷ್ಟೇ ಕೇಳಿದ್ದಳು.

ಅದಕ್ಕೂ ಮುಂಚೆ, ಆ್ಯಪ್ ತೆರೆದ ಮೊದಲ ದಿನ, ಒಂದು ಉದ್ದನೆಯ ಬರಹ ಬಂದಿತ್ತು. ಸೊಸೆ ಬೆರಳಿಂದ ಮೇಲಕ್ಕೆ ತಳ್ಳಿದಳು, ತಳ್ಳಿದಳು, ಮುಗಿಯಲೇ ಇಲ್ಲ. ಕೊನೆಯಲ್ಲಿ ಒಂದು ಪುಟ್ಟ ಚೌಕ.

"ಅತ್ತೆ, 'ನನ್ನ ಗ್ರಾಹಕರ ಒಪ್ಪಿಗೆಯನ್ನು ಪಡೆದಿದ್ದೇನೆ' ಅಂತಿದೆ. ಇದಕ್ಕೇನು ಮಾಡಲಿ?"

"ಅವರೇ ಬಂದು ನಿಂತು ಅಳತೆ ಕೊಟ್ಟಿಲ್ವಾ? ಒಪ್ಪದೆ ಕೊಡ್ತಾರಾ ಯಾರಾದರೂ?" ಎಂದು ಟೈಲರಮ್ಮ ತಾನೇ ಬೆರಳು ಚಾಚಿ ಆ ಚೌಕವನ್ನು ಒತ್ತಿದ್ದಳು. ಅದರೊಳಗೆ ಹಸಿರು ಗೀಟು ಮೂಡಿದಾಗ ಇಬ್ಬರೂ ನಕ್ಕಿದ್ದರು.

ಲೈಬ್ರರಿ ಮೇಡಂ ಈ ಅಂಗಡಿಗೆ ಇಪ್ಪತ್ತೆರಡು ವರ್ಷದಿಂದ ಬರುತ್ತಿದ್ದವರು. ಟೈಲರಮ್ಮನಿಗಿಂತ ನಾಲ್ಕು ವರ್ಷ ಚಿಕ್ಕವರು, 'ಅಕ್ಕ' ಎನ್ನುತ್ತಿದ್ದರು. ಎಲ್ಲರೂ ಮರಿ ಎನ್ನುವ ಅವರ ಒಬ್ಬಳೇ ಮಗಳಿಗೆ ಸ್ಕೂಲಿನ ಫ್ರಾಕಿನಿಂದ ಹಿಡಿದು ಮದುವೆಯ ಬಟ್ಟೆಯವರೆಗೆ ಹೊಲಿದುಕೊಟ್ಟವಳು ಟೈಲರಮ್ಮನೇ. ಗಂಡ ತೀರಿಕೊಂಡ ಮೇಲೆ ತಾಯಿಮಗಳು ಇಬ್ಬರೇ ಇದ್ದ ಮನೆ ಅದು. ಮದುವೆಯಾಗಿ ಮಗಳು ಹೋದದ್ದು ನಾಲ್ಕು ಬೀದಿಯಾಚೆ. ಈಗ ಅವಳು ಎಂಟು ತಿಂಗಳ ಬಸುರಿ.

ಐದು ತಿಂಗಳ ಹಿಂದೆ ಮೇಡಂ ತಮ್ಮ ಬೂದು ಕೋಟು ಹಿಡಿದುಕೊಂಡು ಬಂದು, "ಅಕ್ಕ, ಯಾಕೋ ದೊಗಳೆ ಆಗಿದೆ, ಸ್ವಲ್ಪ ಒಳಗೆ ಹಿಡೀರಿ," ಎಂದರು. ಟೈಲರಮ್ಮ ಹಿಡಿದಳು. ಮುಂದಿನ ತಿಂಗಳು ಅದೇ ಕೋಟು, ಎರಡು ಲಂಗ, ಮೂರು ಅಂಗಿ. ಅದರ ಮುಂದಿನ ತಿಂಗಳು ಮತ್ತೆ ಅವೇ. ಮೂರನೆಯ ಸಲ ಪರದೆಯ ಹಿಂದೆ ಸೊಂಟಕ್ಕೆ ಟೇಪು ಸುತ್ತಿದ ಟೈಲರಮ್ಮ ತಲೆಯೆತ್ತಿ ಅವರ ಮುಖ ನೋಡಿದಳು. ಮೇಡಂ ಕಣ್ಣು ತಪ್ಪಿಸಲಿಲ್ಲ.

"ಹೊಟ್ಟೆಯಲ್ಲಿ ಗಡ್ಡೆ ಇದೆ ಅಕ್ಕ. ಔಷಧಿ ಶುರುವಾಗಿದೆ. ಗುಣ ಆಗಬಹುದು ಅಂತಾರೆ. ಮರಿಗೆ ಹೇಳಿಲ್ಲ. ಎರಡು ಸಲ ಬಸಿರು ಉಳಿಯದೆ ಇದು ಉಳಿದಿರೋದು. ಹೆರಿಗೆ ಆಗಲಿ, ನಾನೇ ಹೇಳ್ತೀನಿ. ಅಲ್ಲೀವರೆಗೆ ಬಟ್ಟೆ ಮೈಮೇಲೆ ಸರಿಯಾಗಿ ಕೂತಿದ್ದರೆ ಅವಳಿಗೆ ಗೊತ್ತಾಗಲ್ಲ."

ಟೈಲರಮ್ಮ ಅವತ್ತು ಆ ಕೋಟಿನ ಒಳಗೆ ತೆಳ್ಳನೆಯ ಒಂದು ಪದರ ಹೆಚ್ಚಿಗೆ ಕೊಟ್ಟು ಹೊಲಿದಳು, ಭುಜದ ಮೂಳೆ ಎದ್ದು ಕಾಣದಿರಲೆಂದು. ಕೇಳದೆ ಮಾಡಿದ ಕೆಲಸ. ಹಾಕಿಕೊಂಡು ನೋಡಿದ ಮೇಡಂ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಿದ್ದರು.

ಆ ಶನಿವಾರ ಬೆಳಿಗ್ಗೆ ಹತ್ತೂವರೆಗೆ ಮರಿ ನಗುತ್ತಲೇ ಅಂಗಡಿಯ ಮೆಟ್ಟಿಲು ಹತ್ತಿದಳು. ಒಂದು ಕೈ ಸೊಂಟದ ಮೇಲೆ, ಇನ್ನೊಂದರಲ್ಲಿ ಫೋನು.

"ದೊಡ್ಡಮ್ಮ, ನಿಮ್ಮ ಆ್ಯಪ್‌ಗೆ ಯಾರಾದರೂ ಕನ್ನಡಕ ಮಾಡಿಸಿಕೊಡಿ. ಕೇಳಿ ಇಲ್ಲಿ. 'ಅಭಿನಂದನೆಗಳು. ಐದು ತಿಂಗಳಲ್ಲಿ ನಿಮ್ಮ ಸೊಂಟ ನಾಲ್ಕೂವರೆ ಇಂಚು ಇಳಿದಿದೆ. ಈ ಗೆಲುವನ್ನು ಉಳಿಸಿಕೊಳ್ಳಲು ನಮ್ಮ ಪೌಷ್ಟಿಕ ಪುಡಿ ಬಳಸಿ.' ನನಗೆ! ನನ್ನ ಸೊಂಟ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತೆ ಅಂತ ನನಗೇ ಗೊತ್ತಿಲ್ಲ ಈಗ. ಕೆಳಗೆ ನಿಮ್ಮ ಅಂಗಡಿ ಹೆಸರು ಬೇರೆ ಹಾಕಿದಾರೆ."

ಮೆಷೀನಿನ ಮೇಲಿದ್ದ ಟೈಲರಮ್ಮನ ಕಾಲು ತಾನಾಗಿಯೇ ನಿಂತಿತು. ನಾಲ್ಕೂವರೆ. ಆ ಅಂಕಿಯನ್ನು ಅವಳು ಯಾರ ಮುಂದೆಯೂ ಆಡಿರಲಿಲ್ಲ. ತಿಂಗಳು ತಿಂಗಳು ಹೊಸ ಅಳತೆಯನ್ನು ಆ್ಯಪ್‌ಗೆ ಹಾಕಿದ್ದಳು, ಅಷ್ಟೇ. ಅದು ತಾನಾಗಿಯೇ ಕೂಡಿಸಿ ಕಳೆದು ನೋಡಿತ್ತು. ಹಳೆಯ ಪುಸ್ತಕದಲ್ಲಿ ಒಂದು ಮನೆಗೆ ಒಂದೇ ಪುಟ, ಒಂದು ಪುಟಕ್ಕೆ ಒಂದೇ ಫೋನ್ ನಂಬರು. 'ಲೈಬ್ರರಿ ಮೇಡಂ ಮನೆ' ಎಂಬ ಪುಟದಲ್ಲಿದ್ದದ್ದು ಮರಿಯ ನಂಬರು. ಆ ಮನೆಯಲ್ಲಿ ಮೊದಲು ಮೊಬೈಲು ಕೊಂಡವಳು ಅವಳೇ. ಸೊಸೆ ಇದ್ದದ್ದನ್ನು ಇದ್ದ ಹಾಗೆ ಇಳಿಸಿದ್ದಳು.

"ಯಂತ್ರ ಅಲ್ವಾ ಮರಿ," ಎಂದಳು ಟೈಲರಮ್ಮ. ತನ್ನ ದನಿ ತನಗೇ ಬೇರೆಯವರದರಂತೆ ಕೇಳಿಸಿತು. "ಯಾರದೋ ಯಾರಿಗೋ ಬಂದಿರುತ್ತೆ."

"ಹಾಗಾದರೆ ಇದು ಯಾರ ಸೊಂಟವೋ? ಪುಣ್ಯವಂತೆ," ಎಂದು ಮರಿ ಬೆಂಚಿನ ಮೇಲೆ ಉಸ್ಸೆಂದು ಕೂತಳು. "ನನ್ನ ಎರಡು ಅಂಗಿ ಅಗಲ ಮಾಡಿಕೊಡಿ ದೊಡ್ಡಮ್ಮ, ಇದ್ದಬದ್ದ ಬಟ್ಟೆಯೆಲ್ಲ ಬಿಟ್ಟುಬಿಡಿ. ಈಗ ಡಾಕ್ಟರ ಹತ್ತಿರ ಹೋಗಬೇಕು. ಅಲ್ಲಿಂದ ನಾಲ್ಕು ಗಂಟೆಗೆ ಲೈಬ್ರರಿಗೆ ಹೋಗಿ ಅಮ್ಮನಿಗೂ ಇದನ್ನ ತೋರಿಸ್ತೀನಿ. ಈಚೆಗೆ ನಗೋದನ್ನೇ ಬಿಟ್ಟಿದಾಳೆ ಅವಳು. ಸ್ವಲ್ಪ ನಗಲಿ."

ಅವಳು ಮೆಟ್ಟಿಲಿಳಿದು ಹೋದಳು. ಗುಂಡಿ ಹಾಕುತ್ತಿದ್ದ ಸೊಸೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಹಾಗೇ ಕೂತಿದ್ದಳು. ಅವಳಿಗೂ ಗೊತ್ತಾಗಿತ್ತು. ಅಂಕಿ ನೋಡಿದವಳು ಅವಳೂ ಹೌದಲ್ಲ.

"ಅತ್ತೆ, ಅದು ಮೇಡಂದು ಅಲ್ವಾ?"

"ಹೂಂ."

"ನಾನೇ ಹಾಳು ಮಾಡಿದೆ." ಹುಡುಗಿ ಫೋನನ್ನು ದೂರ ಸರಿಸಿದಳು. "ನಿಮ್ಮ ಕಣ್ಣಿಗೆ ಸುಲಭ ಆಗಲಿ ಅಂತ..."

"ಸುಮ್ನಿರು. ನೀನು ಟೈಪ್ ಮಾಡಿದೆ. ಒತ್ತಿದವಳು ನಾನು." ಟೈಲರಮ್ಮ ಎದ್ದು ಸೊಸೆಯ ತಲೆಯ ಮೇಲೆ ಕೈಯಿಟ್ಟಳು. ಮದುವೆಯಾಗಿ ಬಂದ ಎರಡು ವರ್ಷದಲ್ಲಿ ಹಾಗೆ ಮುಟ್ಟಿದ್ದು ಅದೇ ಮೊದಲೇನೋ. "ಬಾಗಿಲು ಹಾಕು. ಇದು ಫೋನಿನಲ್ಲಿ ಹೇಳೋ ಮಾತಲ್ಲ. ನಾಲ್ಕು ಗಂಟೆಯೊಳಗೆ ಮೇಡಂಗೆ ಹೇಳಬೇಕು. ಮರಿ ನಗ್ತಾ ತೋರಿಸಿ, ಇವರು ಆ ಅಂಕಿ ನೋಡಿ ಮುಖ ಬಾಡಿದರೆ, ಅಲ್ಲಿಗೆ ಮುಗೀತು. ಅವರಾಗಿ ಹೇಳಬೇಕಾದ್ದನ್ನ ಪುಡಿ ಮಾರೋನು ಹೇಳಿದ ಹಾಗಾಗುತ್ತೆ."

ಹೊರಡುವ ಹೊತ್ತಿಗೆ ಒಬ್ಬರು ಬಟ್ಟೆ ಕೇಳಿಕೊಂಡು ಬಂದರು. ಅವರಿಗೆ ಅವತ್ತೇ ಬೇಕಿತ್ತು. ಉಳಿದಿದ್ದ ಹೊಲಿಗೆ ಮುಗಿಸಿ, ಇಸ್ತ್ರಿ ಮಾಡಿ ಕೊಟ್ಟು ಬಸ್ಸು ಹತ್ತುವಾಗ ಎರಡೂಕಾಲು. ಟೈಲರಮ್ಮ ಕಿಟಕಿಯ ಪಕ್ಕ ಕೂತು ಕೈಚೀಲವನ್ನು ಮಡಿಲಲ್ಲಿ ಹಿಡಿದುಕೊಂಡಳು. ಸೊಸೆ ಫೋನು ತೆರೆದು ಅಂದು ಓದದೆ ತಳ್ಳಿದ ಬರಹವನ್ನು ಈಗ ಓದತೊಡಗಿದಳು. 'ಗೌಪ್ಯತಾ ನೀತಿ' ಎಂದು ಅದರ ತಲೆಬರಹ.

"ಜೋರಾಗಿ ಓದು, ನಾನೂ ಕೇಳ್ತೀನಿ."

"'ಬಳಕೆದಾರರಿಂದ ಒದಗಿಸಲ್ಪಟ್ಟ ದತ್ತಾಂಶವು, ಸೇವೆಯ ಗುಣಮಟ್ಟದ ಉನ್ನತೀಕರಣದ ಉದ್ದೇಶಕ್ಕೆ ಒಳಪಟ್ಟು, ಅನ್ವಯವಾಗುವ ಮಟ್ಟಿಗೆ, ಆಯ್ದ ಸಹಭಾಗಿಗಳೊಂದಿಗೆ ಹಂಚಿಕೊಳ್ಳಲ್ಪಡಬಹುದಾಗಿದ್ದು...'"

"ಇದು ಯಾವ ಭಾಷೆ?"

"ಕನ್ನಡವೇ ಅತ್ತೆ."

"ಅಯ್ಯೋ. ನನಗೇನೋ ವಯಸ್ಸಾಯ್ತು ಅಂದುಕೊಂಡೆ."

ಸೊಸೆ ನಗಬಾರದೆಂದುಕೊಂಡೂ ನಕ್ಕಳು. ಟೈಲರಮ್ಮ ಹೊರಗೆ ನೋಡುತ್ತಿದ್ದಳು. ತನ್ನಿಂದ ಆದದ್ದೆಂದು ಹೇಳದೆ ಇರಬಹುದಿತ್ತು. ಗುಟ್ಟು ಆಸ್ಪತ್ರೆಯಿಂದಲೋ ಔಷಧಿ ಅಂಗಡಿಯಿಂದಲೋ ಹೊರಬಿದ್ದಿರಬೇಕು ಎಂದು ಮೇಡಂ ಅಂದುಕೊಳ್ಳಬಹುದಿತ್ತು. ಟೈಲರಮ್ಮನ ಬಾಯಿ ಹೊಲಿದ ಬಾಯಿ ಎಂದು ಹೆಂಗಸರೆಲ್ಲ ಆಡಿಕೊಳ್ಳುವುದು ಹಾಗೇ ಉಳಿಯುತ್ತಿತ್ತು. ಆ ಯೋಚನೆ ಬಂದದ್ದಕ್ಕೆ ಅವಳಿಗೆ ನಾಚಿಕೆಯಾಯಿತು. ಅಂಗಡಿಯ ಹೆಸರು ಕೆಳಗಿದೆಯಲ್ಲ ಎಂಬುದು ಆಮೇಲೆ ನೆನಪಾಗಿ, ಮೊದಲು ಬಂದದ್ದು ಕಳ್ಳ ಯೋಚನೆಯೇ ಎಂದು ಇನ್ನಷ್ಟು ನಾಚಿಕೆಯಾಯಿತು.

ಲೈಬ್ರರಿಯಲ್ಲಿ ಜನ ಕಡಿಮೆಯಿದ್ದರು. ಇಬ್ಬರು ಮುದುಕರು ಪತ್ರಿಕೆ ಹಿಡಿದುಕೊಂಡು ತೂಕಡಿಸುತ್ತಿದ್ದರು. ಮೇಡಂ ಮೇಜಿನ ಹಿಂದೆ ಕೂತು, ಹರಿದ ಪುಸ್ತಕವೊಂದರ ಬೆನ್ನಿಗೆ ಅಂಟು ಹಚ್ಚುತ್ತಿದ್ದರು. ಬೂದು ಕೋಟು ಮೈಮೇಲೆ ಚೆನ್ನಾಗಿ ಕೂತಿತ್ತು.

"ಏನಕ್ಕ, ಅಂಗಡಿ ಬಿಟ್ಟು ಪುಸ್ತಕ ಓದೋಕೆ ಬಂದಿರಾ ಅತ್ತೆ ಸೊಸೆ?"

ಟೈಲರಮ್ಮ ಕುರ್ಚಿ ಎಳೆದು ಎದುರಿಗೆ ಕೂತಳು. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತು ಒಂದೂ ಬಾಯಿಗೆ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: ಆ್ಯಪ್, ಪುಸ್ತಕಗಳು, ತಾನು ಒತ್ತಿದ ಚೌಕ, ಮರಿಯ ಫೋನಿಗೆ ಬಂದ ಸಂದೇಶ. "ಅವಳಿಗೆ ಇನ್ನೂ ಹೊಳೆದಿಲ್ಲ. ನಾಲ್ಕು ಗಂಟೆಗೆ ಇಲ್ಲಿಗೆ ಬರ್ತಾಳೆ ನಿಮಗೆ ತೋರಿಸಿ ನಗಿಸೋಕೆ," ಎಂದು ಮುಗಿಸಿದಳು.

ಮೇಡಂ ಅಂಟಿನ ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸಿದರು. ಮತ್ತೆ ಒರೆಸಿದರು. ಮುಖದ ಬಣ್ಣ ಇಳಿದಿತ್ತು.

"ನಾನು ನಿಮ್ಮ ಹತ್ತಿರ ಹೇಳಿದ್ದು ಯಾಕೆ ಗೊತ್ತಾ ಅಕ್ಕ? ನೀವು ಸೋದರತ್ತೆ ಮಾತು ಹೇಳ್ತಿದ್ದಿರಿ. ಅದನ್ನ ನಂಬಿ."

"ಗೊತ್ತು."

"ನನ್ನ ಡಾಕ್ಟರನ್ನೂ ನಿಮ್ಮನ್ನೂ ಬಿಟ್ಟರೆ ಇನ್ನೊಂದು ನರಪಿಳ್ಳೆಗೆ ಗೊತ್ತಿರಲಿಲ್ಲ."

"ಗೊತ್ತು ಮೇಡಂ." ಟೈಲರಮ್ಮ ತಲೆ ತಗ್ಗಿಸಲಿಲ್ಲ. ಬೈದರೆ ಮುಖಕ್ಕೇ ಬೀಳಲಿ ಎಂದು ಎದುರಿಗೇ ಕೂತಿದ್ದಳು.

"ಬೇಕಂತ ಮಾಡಿದ್ದಲ್ಲ ಮೇಡಂ," ಎಂದು ನಿಂತಿದ್ದ ಸೊಸೆ ಅಳುವ ದನಿಯಲ್ಲಿ ಅಂದಳು. "ಅದರಲ್ಲಿ ಬರೆದಿತ್ತು. ನಮಗೆ ಅರ್ಥ ಆಗಲಿಲ್ಲ."

"ಬರೆದಿತ್ತಾ? ಎಲ್ಲಿ, ಕೊಡು."

ಮೇಡಂ ಕನ್ನಡಕ ಏರಿಸಿಕೊಂಡು ಫೋನು ತೆಗೆದುಕೊಂಡರು. ಕೈಗೆ ಏನಾದರೂ ಒಂದು ಬೇಕಾಗಿತ್ತು ಅವರಿಗೆ. ಮೂವತ್ತು ವರ್ಷ ಕೇಳಿದವರಿಗೆ ಕೇಳಿದ ಪುಟ ತೆಗೆದುಕೊಟ್ಟ ಬೆರಳು ಮೇಲೆ ಕೆಳಗೆ ಓಡಾಡಿತು. "ಪರಿವಿಡಿ ಇಲ್ಲ. ಅಧ್ಯಾಯ ಇಲ್ಲ. ಇದನ್ನ ಬರೆದವರಿಗೆ ಓದೋರು ಬೇಕಾಗಿರಲಿಲ್ಲ ಅಕ್ಕ, ಒತ್ತೋರು ಬೇಕಾಗಿತ್ತು." ಹತ್ತು ನಿಮಿಷ ಸಾಲು ಸಾಲಾಗಿ ಹುಡುಕಿದರು. ಪತ್ರಿಕೆಯ ಮುದುಕರಲ್ಲಿ ಒಬ್ಬರು ಸಣ್ಣಗೆ ಗೊರಕೆ ಹೊಡೆದರು. "ಇಲ್ಲಿದೆ. 'ಶಾರೀರಿಕ ಮಾಪನಗಳಲ್ಲಿನ ಕಾಲಾನುಕ್ರಮ ವ್ಯತ್ಯಾಸಗಳನ್ನು ಸ್ವಾಸ್ಥ್ಯ ಕ್ಷೇತ್ರದ ಸಹಭಾಗಿಗಳೊಂದಿಗೆ.' ಅಂದರೆ ಯಾರು ದಪ್ಪ ಆದರು, ಯಾರು ಸಣ್ಣ ಆದರು ಅಂತ ಪುಡಿ ಮಾರೋರಿಗೆ ಹೇಳ್ತೀವಿ ಅಂತ. ಅಷ್ಟು ಬರೆದಿದ್ದರೆ ನೀವು ಒತ್ತುತಿದ್ದಿರಾ?"

"ಕೈ ಕತ್ತರಿಸಿದ್ದರೂ ಒತ್ತುತಿರಲಿಲ್ಲ."

ಮೇಡಂ ಫೋನನ್ನು ಕೆಳಗಿಟ್ಟರು. ಅವರ ತುಟಿಯ ಅಂಚಿನಲ್ಲಿ ನಗುವಲ್ಲದ ನಗುವೊಂದು ಬಂದು ಹೋಯಿತು. "ಸಿಟ್ಟು ನಿಮ್ಮ ಮೇಲೆ ಇಲ್ಲ ಅಂತ ಹೇಳಲ್ಲ ಅಕ್ಕ. ಇದೆ. ಇವತ್ತು ಇರಲಿ ಬಿಡಿ."

"ಇರಲಿ."

"ಅವಳಿಗೆ ಹೆಂಗೆ ಹೇಳಲಿ? ಎರಡು ಸಲ ಆ ಹುಡುಗಿ ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದದ್ದನ್ನ ನಾನು ನೋಡಿದೀನಿ. ಈಗ ನಾನು ಹೇಳಿ, ಏನಾದರೂ ಆದರೆ..."

ಟೈಲರಮ್ಮ ಮೇಜಿನ ಮೇಲಿನ ಹರಿದ ಪುಸ್ತಕವನ್ನು ನೋಡಿದಳು. ಉಪದೇಶ ಮಾಡುವ ಹಕ್ಕನ್ನು ಬೆಳಿಗ್ಗೆಯೇ ಕಳೆದುಕೊಂಡಿದ್ದಳು. ಆದರೂ ಬೆಳಿಗ್ಗೆ ಕೇಳಿದ ಒಂದು ಮಾತನ್ನು ಒಪ್ಪಿಸದೆ ಇರುವುದು ತಪ್ಪೆನಿಸಿತು.

"ಅಮ್ಮ ಈಚೆಗೆ ನಗೋದನ್ನೇ ಬಿಟ್ಟಿದಾಳೆ ಅಂದಳು ಮೇಡಂ. ಕೋಟು ನೋಡಲ್ಲ ಅವಳು. ನಿಮ್ಮ ಮುಖ ನೋಡ್ತಾಳೆ. ಮುಖಕ್ಕೆ ನಾನು ಏನು ಹೊಲಿಯಲಿ?"

ಮೇಡಂ ಕೈಗಳನ್ನು ಮುಖಕ್ಕೆ ಒತ್ತಿ ಹಿಡಿದುಕೊಂಡರು. ತೆಗೆದಾಗ ಕಣ್ಣು ಒದ್ದೆಯಾಗಿತ್ತು. ಆದರೆ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಗಡಿಯಾರ ನಾಲ್ಕಕ್ಕೆ ಹತ್ತು ನಿಮಿಷ ಕಡಿಮೆ ತೋರಿಸುತ್ತಿತ್ತು. ಅವರು ಎದ್ದುಹೋಗಿ ಮುಖ ತೊಳೆದು ಬಂದರು. ಮಕ್ಕಳ ಪುಸ್ತಕಗಳ ಮೂಲೆಯಲ್ಲಿ ಗಾಜಿನ ಗೋಡೆಯ ಆಚೆ ಒಂದು ಸಣ್ಣ ಕೋಣೆಯಿತ್ತು. ಅಲ್ಲಿನ ಒಳ್ಳೆಯ ಕುರ್ಚಿಗೆ ಎರಡು ದಿಂಬು ಹಾಕಿ, ಪಕ್ಕದಲ್ಲಿ ನೀರಿಟ್ಟು, ಬಾಗಿಲಲ್ಲಿ ನಿಂತರು.

ಮರಿ ಬಂದಳು. ದೂರದಿಂದಲೇ ಫೋನು ಆಡಿಸುತ್ತ, "ಅಮ್ಮಾ, ನಿನಗೊಂದು ತಮಾಷೆ," ಎಂದಳು. ದೊಡ್ಡಮ್ಮನನ್ನೂ ಸೊಸೆಯನ್ನೂ ನೋಡಿ ಹೆಜ್ಜೆ ನಿಧಾನ ಮಾಡಿದಳು.

"ತಮಾಷೆ ಆಮೇಲೆ ತೋರಿಸು. ಮೊದಲು ನಾನೊಂದು ಹೇಳಬೇಕು. ಬಾ, ಕೂತ್ಕೋ," ಎಂದು ಮೇಡಂ ಮಗಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಬಾಗಿಲೆಳೆದುಕೊಂಡರು.

ಗಾಜಿನಾಚೆ ಎಲ್ಲ ಕಾಣುತ್ತಿತ್ತು. ಟೈಲರಮ್ಮ ಕುರ್ಚಿಯನ್ನು ತಿರುಗಿಸಿ ಗೋಡೆಗೆ ಮುಖಮಾಡಿ ಕೂತಳು. ಸೊಸೆ ಕತ್ತು ಹೊರಳಿಸಿದಾಗ, "ನೋಡಬೇಡ," ಎಂದಳು ಮೆಲ್ಲಗೆ. ಸೊಸೆಯೂ ತಿರುಗಿ ಕೂತು ಅತ್ತೆಯ ಸೆರಗಿನಂಚು ಹಿಡಿದುಕೊಂಡಳು.

"ಅತ್ತೆ, ಉಳಿದವರು? ಮುನ್ನೂರು ಚಿಲ್ಲರೆ ಹೆಸರಿದಾವೆ ಅದರಲ್ಲಿ."

"ಎಲ್ಲಾ ಅಳಿಸಿಬಿಡು."

"ಅಳಿಸಿದರೆ ಈಗಾಗಲೇ ಕೊಟ್ಟಿದ್ದು ವಾಪಸ್ ಬರಲ್ಲ ಅಂತಿದೆ."

"ಹಾಗಾದರೆ ಅದನ್ನೂ ಹೇಳೋಣ. ಒಬ್ಬೊಬ್ಬರಿಗೂ. ನೀನು ಹೆಸರು ಓದು, ನಾನು ಫೋನ್ ಮಾಡ್ತೀನಿ. ಬೈಸಿಕೊಳ್ಳೋದು ನನ್ನ ಪಾಲಿಗಿರಲಿ." ಸೊಸೆಯ ಕೈಯಿಂದ ಸೆರಗು ಬಿಡಿಸಿಕೊಳ್ಳದೆಯೇ, "ನಾಳೆಯಿಂದ ಮತ್ತೆ ಪುಸ್ತಕ. ನನಗೆ ಕಾಣಲ್ಲ. ದಪ್ಪ ಅಕ್ಷರದಲ್ಲಿ ನೀನೇ ಬರೀಬೇಕು," ಎಂದಳು. ಸೊಸೆ ತಲೆಯಾಡಿಸಿದಳು.

ಬಾಗಿಲು ತೆರೆದ ಸದ್ದಾದಾಗ ನಾಲ್ಕೂಮುಕ್ಕಾಲು. ಮರಿಯ ಮೂಗು ಕೆಂಪಾಗಿತ್ತು. ಅವಳು ಭಾರವಾಗಿ ನಡೆದುಬಂದು ಟೈಲರಮ್ಮನ ಮುಂದೆ ನಿಂತಳು. ಟೈಲರಮ್ಮ ಎದ್ದಳು.

"ಬೆಳಿಗ್ಗೆ ನನ್ನ ಮುಂದೆ ಸುಳ್ಳು ಹೇಳಿದಿರಿ ದೊಡ್ಡಮ್ಮ."

"ಹೇಳಿದೆ ಮರಿ."

"ಪುಣ್ಯವಂತೆ ಅಂದೆ ನಾನು. ಅಮ್ಮನಿಗೆ." ಅವಳ ದನಿ ಒಡೆಯಿತು. ಮರಿ ಕಣ್ಣೊರೆಸಿಕೊಂಡು, "ಔಷಧಿಗೆ ಹೋಗುವಾಗ ಯಾರ ಜೊತೆ ಹೋಗ್ತಿದ್ದಳು ಇಷ್ಟು ದಿನ?" ಎಂದು ಕೇಳಿದಳು.

"ಒಬ್ಬರೇ," ಎಂದಳು ಟೈಲರಮ್ಮ. "ಮುಗಿಸಿಕೊಂಡು ಬರ್ತಾ ಅಂಗಡೀಲಿ ಸ್ವಲ್ಪ ಹೊತ್ತು ಮಲಗ್ತಿದ್ದರು. ಪರದೆ ಹಿಂದೆ ಒಂದು ಹಾಸಿಗೆ ಹಾಕಿಟ್ಟಿದ್ದೆ."

ಹಿಂದೆ ನಿಂತಿದ್ದ ಮೇಡಂ, "ಅದನ್ನ ಯಾಕೆ ಹೇಳಿದಿರಿ ಅಕ್ಕ?" ಎಂದರು. ದನಿಯಲ್ಲಿ ಆಗಿನ ಸಿಟ್ಟು ಇನ್ನೂ ಉಳಿದಿತ್ತು, ಆದರೆ ಅದು ಮನೆಯವರ ಮೇಲಿನ ಸಿಟ್ಟಿನ ಹಾಗಿತ್ತು.

"ಹೇಳಲಿ ಬಿಡಮ್ಮ," ಎಂದಳು ಮರಿ. "ಮುಂದಿನದು ಯಾವತ್ತು?"

"ಗುರುವಾರ. ನೀನು ಬರಬೇಡ, ಅಲ್ಲಿ ತುಂಬ ಹೊತ್ತು ಕೂರಬೇಕು."

"ಕೂರೋದು ಬಿಟ್ಟು ನನಗೆ ಈಗ ಬೇರೆ ಏನು ಬರುತ್ತೆ?" ಎಂದು ಮರಿ ಮೂಗು ಎಳೆದುಕೊಂಡಳು. ಮೇಡಂ ನಕ್ಕುಬಿಟ್ಟರು. ಅವರಿಗೇ ಗೊತ್ತಿಲ್ಲದೆ ಬಂದ ನಗು ಅದು. ಪತ್ರಿಕೆಯ ಮುದುಕರಿಬ್ಬರೂ ಎಚ್ಚರಗೊಂಡು ನೋಡಿದರು. ಮರಿ ಅಮ್ಮನ ತೋಳಿಗೆ ತೋಳು ಸೇರಿಸಿ ಬಾಗಿಲ ಕಡೆ ಹೊರಟಳು. ಯಾರು ಯಾರನ್ನು ಹಿಡಿದುಕೊಂಡಿದ್ದಾರೆ ಎಂದು ಹೇಳಲಾಗದ ಹಾಗೆ ಇಬ್ಬರೂ ನಿಧಾನವಾಗಿ ನಡೆದರು.